ಯಾದಗಿರಿಯ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ

ರಾಮಸಮುದ್ರ
೨೩ ಫೆಬ್ರವರಿ ೨೦೨೫

ಬುದ್ಧಪ್ರಿಯ ಅವರಿಗೆ,

ಜೈಭೀಮ್. ನಾನು ಕ್ಷೇಮ. ನೀವು ಹೇಗಿದ್ದೀರಿ ಎಂದು ಈ ಸಲ ಕೇಳುವುದಿಲ್ಲ. ಮೊನ್ನೆ ಫೋನಿನಲ್ಲಿ ನೀವು ಅತ್ತದ್ದನ್ನು ಸಗರದ ನಿಮ್ಮ ಮನೆಯ ಪಡಸಾಲೆಯಲ್ಲಿ ಕುಳಿತವರೆಲ್ಲ ಕೇಳಿಸಿಕೊಂಡರು. ನಾನೂ ಕೇಳಿಸಿಕೊಂಡೆ. ಆಮೇಲೆ ನಿಮ್ಮ ಒಂದು ಕರೆಯನ್ನೂ ನಾನು ಎತ್ತಿಲ್ಲ. ಎತ್ತಿದರೆ ನೀವು ಮತ್ತೆ ಅಳುತ್ತೀರಿ, ನಾನು ಮತ್ತೆ ಸುಮ್ಮನಾಗುತ್ತೇನೆ. ಮದುವೆಯಾದಾಗಿನಿಂದ ಹಾಗೇ ನಡೆದಿದೆ. ಅದಕ್ಕೇ ಕಾಗದ ಬರೆಯಲು ಕುಳಿತೆ. ನಡುವೆ ಬಾಯಿ ಹಾಕಲು ಇಲ್ಲಿ ನಿಮಗೆ ಅವಕಾಶವಿಲ್ಲ. ಕೊನೆಯವರೆಗೆ ಓದಿ.

ನಿಮ್ಮ ತಂಗಿ ಮಲ್ಲೇಶ್ವರಿಯ ಮದುವೆ ಚೆನ್ನಾಗಿ ಆಯಿತು. ರಜೆ ಸಿಗಲಿಲ್ಲವೆಂದು ನೀವು ಬರಲಿಲ್ಲ, ನಾನೊಬ್ಬಳೇ ಇಂಗ್ಲೆಂಡಿನಿಂದ ಬಂದು ಅತ್ತಿಗೆಯಾಗಿ ಮಾಡುವುದನ್ನೆಲ್ಲ ಮಾಡಿದೆ. ಬೀಗರು ಹೋದ ಮರುದಿನ ಮುಂಜಾನೆ ಮಾವನವರು ನನ್ನನ್ನು ಪಡಸಾಲೆಗೆ ಕರೆದರು. ಅವರ ತಮ್ಮಂದಿರು, ನಿಮ್ಮ ಇಬ್ಬರು ಕಾಕಾಗಳು, ಚಾಪೆಯ ಮೇಲೆ ಕುಳಿತಿದ್ದರು. ಸ್ಟೂಲಿನ ಮೇಲೆ ಫೋನು, ಅದರಲ್ಲಿ ನೀವು. ಮದುವೆಯ ಮಾತೇನೋ ಇರಬೇಕೆಂದು ನಾನು ಕೈ ಒರೆಸಿಕೊಂಡು ಬಂದು ನಿಂತೆ.

ಮಾವ ತಿಮ್ಮಣ್ಣನವರು ಎಷ್ಟು ಮೆತ್ತಗೆ ಮಾತಾಡುವವರೆಂದು ನಿಮಗೆ ಗೊತ್ತು. ಅಷ್ಟೇ ಮೆತ್ತಗೆ ಹೇಳಿದರು: "ಯಶೋಧರಾ, ನೀ ಅಲ್ಲಿ ಗಾಡಿ ಲೈಸೆನ್ಸ್ ತಗೊಂಡೀ ಅಂತ. ಗಂಡಗ ಒಂದು ಮಾತು ಹೇಳಿಲ್ಲ ಅಂತ. ಯಾರೋ ಹೆಣ್ಮಗಳ ಕೂಡ ಊರೆಲ್ಲ ತಿರುಗಾಡೀ ಅಂತ. ಆ ಲೈಸೆನ್ಸ್ ಇಲ್ಲೇ ಇಟ್ಟು ಹೋಗು. ಮನಿ ನೆಟ್ಟಗ ಇರ್ತದ."

ನನ್ನ ಪಾಸ್‌ಪೋರ್ಟು ಆಗಲೇ ಅವರ ಅಲಮಾರಿಯಲ್ಲಿತ್ತು. ಬಂದ ದಿನವೇ, ಮದುವೆಯ ಗದ್ದಲದಲ್ಲಿ ಕಳೆದೀತು ಎಂದು ಇಸಿದುಕೊಂಡು ಕೀಲಿ ಹಾಕಿದ್ದರು. ನಂಬಿ ಕೊಟ್ಟಿದ್ದೆ. ಹಾಗೆ ಮಾಡಲು ಹೇಳಿದವರು ನೀವೇ ಎಂದು ನನಗೆ ಆ ಪಡಸಾಲೆಯಲ್ಲಿ ನಿಂತಾಗ ಹೊಳೆಯಿತು. ಫೋನಿನೊಳಗಿಂದ ನೀವು, ಅಪ್ಪ ಹೇಳಿದಂತೆ ಕೇಳು ಎಂದಿರಿ. ಮನೆಯಲ್ಲಿ ನಾವಿಬ್ಬರೇ ಇದ್ದಾಗ ಹೇಳಲಾಗದ ಮಾತನ್ನು ಐದು ಸಾವಿರ ಮೈಲಿಯ ಆಚೆಯಿಂದ, ನಿಮ್ಮಪ್ಪನ ಬಾಯಿಂದ ಹೇಳಿಸಿದಿರಿ.

ನೀವು ನನ್ನನ್ನು ನೋಡಲು ರಾಮಸಮುದ್ರಕ್ಕೆ ಬಂದ ದಿನ ನೆನಪಿದೆಯೇ? ನಾನು ಶಾಲೆಯ ವ್ಯಾನು ಹೊಡೆದುಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದೆ. ಯಾದಗಿರಿಯ ರಸ್ತೆಯಲ್ಲಿ ದಿನಾ ಮಕ್ಕಳನ್ನು ತುಂಬಿಕೊಂಡು, ಹತ್ತಿಯ ಟ್ರ್ಯಾಕ್ಟರು, ಎಮ್ಮೆ, ಎದುರಿಗೆ ನುಗ್ಗುವ ಜೀಪು ಎಲ್ಲವನ್ನೂ ತಪ್ಪಿಸಿಕೊಂಡು ಹೋಗಿ ಬರುತ್ತಿದ್ದವಳು ನಾನು. ಇಂಥ ಧೈರ್ಯದ ಹುಡುಗಿಯೇ ನಮಗೆ ಬೇಕಾಗಿತ್ತು ಎಂದು ನೀವು ನನ್ನಪ್ಪನಿಗೆ ಹೇಳಿದಿರಿ. ಮದುವೆಯಾದ ವರ್ಷ ಬುದ್ಧ ಪೂರ್ಣಿಮೆಗೆ ಸಗರದ ವಿಹಾರದಲ್ಲಿ ಮೈಕು ಹಿಡಿದು, ಹೆಣ್ಣನ್ನು ಕಟ್ಟಿಹಾಕಿದ ಮನೆ ಉದ್ಧಾರವಾಗುವುದಿಲ್ಲ ಎಂದು ಭಾಷಣ ಮಾಡಿದಿರಿ. ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕುಳಿತು ಚಪ್ಪಾಳೆ ತಟ್ಟಿದವಳೂ ನಾನೇ.

ಆಮೇಲೆ ನೀವು ಮೊದಲು ಇಂಗ್ಲೆಂಡಿಗೆ ಹೋದಿರಿ, ನಿಮ್ಮ ಹಿಂದೆ ನಾನು ಬಂದೆ. ಅಲ್ಲಿಯೂ ಗಾಡಿಗಳು ನಮ್ಮ ಹಾಗೆಯೇ ಎಡಗಡೆ ಓಡುವುದನ್ನು ಕಂಡು ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಮೊದಲ ವಾರವೇ ಚೀಲದಿಂದ ನನ್ನ ಲೈಸೆನ್ಸ್ ತೆಗೆದು ನಿಮಗೆ ತೋರಿಸಿದೆ. ನೀವು ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಯಾದಗಿರಿ ಲೈಸೆನ್ಸ್ ಇಲ್ಲಿ ನಡಿಯಂಗಿಲ್ಲ. ಪೊಲೀಸರು ಹಿಡಿದ್ರ ನಿನ್ನ ವೀಸಾ ಹೋಗ್ತದ, ಅದರ ಜೋಡಿ ನನ್ನ ನೌಕರಿ" ಎಂದಿರಿ. ನಾನು ಅದನ್ನು ಮತ್ತೆ ಚೀಲಕ್ಕೆ ಹಾಕಿದೆ. ಆ ದೇಶದಲ್ಲಿ ನಿಮ್ಮನ್ನು ಬಿಟ್ಟು ಇನ್ಯಾರನ್ನು ಕೇಳಬೇಕಿತ್ತು ನಾನು?

ನಾನು ಬಂದ ಮೊದಲ ವರ್ಷದ ಚಳಿಗಾಲದ ಆ ಮಧ್ಯಾಹ್ನದ ಬಗ್ಗೆ ನಾವಿಬ್ಬರೂ ಒಮ್ಮೆಯೂ ಕುಳಿತು ಮಾತಾಡಿಲ್ಲ. ಈಗ ಹೇಳುತ್ತೇನೆ. ನನಗೆ ನಾಲ್ಕನೇ ತಿಂಗಳು. ಅಂದು ನೀವು ಜೊತೆಯವರ ಗಾಡಿಯಲ್ಲಿ ದವಾಖಾನೆಯ ಲ್ಯಾಬಿಗೆ ಕೆಲಸಕ್ಕೆ ಹೋಗಿದ್ದಿರಿ, ನಮ್ಮ ಕಾರು ಬಾಗಿಲ ಮುಂದೆಯೇ ನಿಂತಿತ್ತು. ಊಟ ಮಾಡಿ ಏಳುವಾಗ ಹೊಟ್ಟೆ ಹಿಂಡಿದಂತಾಯಿತು, ರಕ್ತ ಕಂಡಿತು. ಲ್ಯಾಬಿನೊಳಗೆ ನಿಮ್ಮ ಫೋನು ಬಂದ್. ಆಂಬುಲೆನ್ಸಿಗೆ ಹೇಳಿದೆ, ತಡವಾಗಬಹುದು ಎಂದರು. ಅಕ್ಕಪಕ್ಕದ ಮನೆಗಳವರು ಕೆಲಸಕ್ಕೆ ಹೋಗಿದ್ದರು. ನಾನು ಮೆಟ್ಟಿಲ ಮೇಲೆ ಕುಳಿತೆ. ಕಾರಿನ ಚಾವಿ ಬಾಗಿಲ ಪಕ್ಕದ ಮೊಳೆಗೆ ತೂಗುಬಿದ್ದಿತ್ತು. ಅದನ್ನೇ ನೋಡುತ್ತ ಕುಳಿತೆ. ದವಾಖಾನೆಯ ದಾರಿ ನನಗೆ ಗೊತ್ತಿತ್ತು. ಆದರೆ ಪೊಲೀಸರು ಹಿಡಿದರೆ ವೀಸಾ ಹೋಗುತ್ತದೆ, ಇವರ ನೌಕರಿ ಹೋಗುತ್ತದೆ, ತಂಗಿಯ ಮದುವೆ ನಿಲ್ಲುತ್ತದೆ ಎಂದು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಆಂಬುಲೆನ್ಸಿನವರು ಬರುವ ಹೊತ್ತಿಗೆ ಹೊರಗೆ ಕತ್ತಲಾಗುತ್ತಿತ್ತು, ನನ್ನ ಕೆಳಗಿನ ಮೆಟ್ಟಿಲೆಲ್ಲ ಒದ್ದೆಯಾಗಿತ್ತು.

ಅಂಥ ಸ್ಥಿತಿಯಲ್ಲಿ ಯಾರಾದರೂ ಗಾಡಿ ಹೊಡೆಯುತ್ತಾರೆಯೇ ಎಂದು ನೀವು ಕೇಳಬಹುದು. ಹೊಡೆಯುತ್ತಿದ್ದೆನೋ ಇಲ್ಲವೋ ನನಗೂ ಗೊತ್ತಿಲ್ಲ. ಅದನ್ನು ನಾನು ತೀರ್ಮಾನಿಸಬೇಕಾಗಿತ್ತು. ನನ್ನ ಪರವಾಗಿ ನೀವು ಆಗಲೇ ತೀರ್ಮಾನಿಸಿಬಿಟ್ಟಿದ್ದಿರಿ.

ಇನ್ನು ಆ "ಯಾರೋ ಹೆಣ್ಣುಮಗಳು." ಅವರ ಹೆಸರು ಸಾಬೇರಾ. ನಮ್ಮ ಸುರಪುರದವರು. ಮದುವೆಯಾಗಿ ಇಂಗ್ಲೆಂಡಿಗೆ ಬಂದು, ಗಂಡ ತೀರಿಕೊಂಡ ಮೇಲೆ ಗಾಡಿ ಕಲಿಸುವ ಕೆಲಸ ಹಿಡಿದವರು. ನಾನು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಬಸ್ ನಿಲ್ದಾಣದಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಕನ್ನಡ ಕೇಳಿ ತಾವೇ ಬಂದು ಮಾತಾಡಿಸಿದರು. ಹೊಸದಾಗಿ ಎಲ್ಲ ಪರೀಕ್ಷೆ ಕೊಟ್ಟು ಅಲ್ಲಿಯ ಲೈಸೆನ್ಸ್ ತೆಗೆದುಕೊಳ್ಳಬೇಕೆಂದು ನಾನು ಅವರ ಹತ್ತಿರ ಹೋದೆ. ಮೊದಲ ಪಾಠದ ದಿನ ಎರಡು ಓಣಿ ದಾಟುವಷ್ಟರಲ್ಲಿ ಗಾಡಿ ಬದಿಗೆ ನಿಲ್ಲಿಸಲು ಹೇಳಿದರು. ನನ್ನ ಕೈ ನೋಡಿದರೆ ಕಲಿಯುವವಳ ಕೈ ಅಲ್ಲವಲ್ಲ ಎಂದು ಕೇಳಿದರು. ನಾನು ಶಾಲೆಯ ವ್ಯಾನಿನ ಕಥೆ ಹೇಳಿ, ಏನು ಮಾಡುವುದು, ಯಾದಗಿರಿಯ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲವಲ್ಲ ಎಂದೆ.

"ಯಾರಂದ್ರು ನಿನಗ?" ಎಂದರು ಸಾಬೇರಾ. "ಬಂದ ಮೊದಲನೇ ವರ್ಷ ಪೂರಾ ಅದೇ ಲೈಸೆನ್ಸ್ ಮ್ಯಾಲ ಹೊಡೀಬಹುದಿತ್ತಲ್ಲ. ವರ್ಷ ದಾಟಿದ ಮ್ಯಾಲಷ್ಟೇ ಇಲ್ಲಿಂದು ಬೇಕು."

ನಾನು ಮತ್ತೊಮ್ಮೆ ಕೇಳಿದೆ. ಅವರು ಮತ್ತೊಮ್ಮೆ ಹೇಳಿ, ಸರಕಾರದ ನಿಯಮವನ್ನೇ ಫೋನಿನಲ್ಲಿ ತೆಗೆದು ತೋರಿಸಿದರು. ಮುಂದೆ ಹೋಗೋಣ ಎಂದೆ ನಾನು. ಆ ದಿನ ಬಹಳ ಚೆನ್ನಾಗಿ ಹೊಡೆದೆ ಎಂದು ಆಮೇಲೆ ಅವರು ಹೇಳುತ್ತಿದ್ದರು. ನನಗೆ ಒಂದು ರಸ್ತೆಯೂ ನೆನಪಿಲ್ಲ.

ಮನೆಗೆ ಬಂದು ನಿಮ್ಮನ್ನು ಕೇಳಲಿಲ್ಲ. ನಿಮಗೂ ಗೊತ್ತಿರಲಿಕ್ಕಿಲ್ಲ, ಯಾರದೋ ಮಾತು ಕೇಳಿ ಹೆದರಿರಬೇಕು ಎಂದುಕೊಂಡೆ. ನೋಡಿ, ಆಗಲೂ ನಿಮ್ಮ ಪರವಾಗಿಯೇ ವಾದ ಮಾಡುತ್ತಿದ್ದೆ. ಬರಹದ ಪರೀಕ್ಷೆ ಪಾಸಾದೆ. ರಸ್ತೆಯ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ. ಒಂದು ದೊಡ್ಡ ವೃತ್ತದ ಬಾಯಲ್ಲಿ, ದಾರಿ ಖಾಲಿ ಇದ್ದರೂ ನಾನು ನಿಂತೇ ಇದ್ದೆನಂತೆ. ಪರೀಕ್ಷಕರು ಅದನ್ನು ಹೇಳಿದಾಗ ಸಾಬೇರಾ ಅವರ ಗಾಡಿಯಲ್ಲಿ ಕುಳಿತು ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಬೈದರು. ಊರಲ್ಲಿ ಎಮ್ಮೆಗೆ ಅಂಜದವಳು ಇಲ್ಲಿ ಖಾಲಿ ರಸ್ತೆಗೆ ಅಂಜುತ್ತೀಯಲ್ಲ, ನಿನಗೆ ಇದನ್ನು ಯಾರು ಕಲಿಸಿದರು ಎಂದರು. ಎರಡನೇ ಸಲ ಪಾಸಾದೆ.

ಪಾಸಾದ ಚೀಟಿಯನ್ನು ಊಟದ ಹೊತ್ತಿಗೆ ನಿಮ್ಮ ತಾಟಿನ ಪಕ್ಕ ಇಟ್ಟೆ. ನೀವು ಓದಿದಿರಿ, ಮಡಿಚಿದಿರಿ, ಯಾರನ್ನು ಕೇಳಿ ಮಾಡಿದೆ ಎಂದು ಕೇಳಿ ಎದ್ದು ಹೋದಿರಿ. ಅನ್ನ ಹಾಗೇ ಉಳಿಯಿತು. ಮರುದಿನದಿಂದ ಕಾರಿನ ಚಾವಿ ನಿಮ್ಮ ಜೇಬು ಸೇರಿತು, ಸಗರಕ್ಕೆ ಫೋನುಗಳು ಶುರುವಾದವು.

ಈಗ ಪಡಸಾಲೆಗೆ ಬರೋಣ. ಮಾವನವರು ಕೈ ಚಾಚಿ ಕುಳಿತಿದ್ದರು. ನಾನು ಅವರ ಕೈ ನೋಡಲಿಲ್ಲ, ಫೋನಿನ ಕಡೆ ತಿರುಗಿ ಕೇಳಿದೆ: "ನಾ ಬಂದ ಮೊದಲನೇ ವರ್ಷ ನನ್ನ ಯಾದಗಿರಿ ಲೈಸೆನ್ಸ್ ಅಲ್ಲಿ ನಡೀತಿತ್ತೋ ಇಲ್ಲೋ? ಇವರೆಲ್ಲರ ಮುಂದ ಹೇಳ್ರಿ."

ಫೋನು ಕಟ್ಟಾಯಿತೇನೋ ಎಂದು ಕಾಕಾ ಒಬ್ಬರು ಬಗ್ಗಿ ನೋಡಿದರು. ಆಮೇಲೆ, "ನಡೀತಿತ್ತು" ಎಂದಿರಿ. "ನನಗ ಗೊತ್ತಿತ್ತು" ಎಂದೂ ಹೇಳಿದಿರಿ. ಮತ್ತೆ ಅಳು. "ಆ ಕೂಸಿನ್ನ ನಾನೇ ಕೊಂದೆ" ಎಂದು ಅತ್ತಿರಿ.

ಅಷ್ಟೇ ಬೇಕಾಗಿತ್ತು ಅವರಿಗೆ. ಕಾಕಾಗಳು ಕಣ್ಣೊರೆಸಿಕೊಂಡರು. ಗಂಡಸು ಮಗ ಹೀಗೆ ಅಳುವಂತೆ ಮಾಡಿದೆಯಲ್ಲ, ಆದದ್ದು ಆಯಿತು, ಇನ್ನು ಬಿಡು ಎಂದು ಮಾವನವರು ನನಗೆ ಬುದ್ಧಿ ಹೇಳಿದರು. ಯಾಕೆ ಸುಳ್ಳು ಹೇಳಿದೆ ಎಂದು ನಿಮ್ಮನ್ನು ಒಬ್ಬರೂ ಕೇಳಲಿಲ್ಲ. ಹೊಟ್ಟೆಯಲ್ಲಿ ಹೊತ್ತವಳು ಅಲ್ಲೇ ನಿಂತಿದ್ದೆ, ನನ್ನ ಕಡೆ ಯಾರೂ ತಿರುಗಲಿಲ್ಲ. ಎಲ್ಲರೂ ಫೋನಿಗೆ ಸಮಾಧಾನ ಹೇಳುತ್ತಿದ್ದರು.

ಅಡುಗೆಮನೆಗೆ ಹೋದೆ. ಅತ್ತೆ ದೇವಕಮ್ಮನವರು ರೊಟ್ಟಿ ಬಡಿಯುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಬಡಿಯುವುದನ್ನು ನಿಲ್ಲಿಸದೆ ಹೇಳಿದರು: "ನೀ ಹೋಗೂಕಿಂತ ಮುಂಚೆ ಅಂವ ಅಲ್ಲಿ ಗಾಡಿ ಪರೀಕ್ಷಾದಾಗ ಮೂರು ಸಲ ಫೇಲ್ ಆಗಿದ್ದ. ಫೋನ್ ಮಾಡಿ ಅಳ್ತಿದ್ದ. ಆಕಿಗಿ ಹೇಳಬ್ಯಾಡವ್ವ ಅಂದ. ನಾನೂ ಹೇಳಲಿಲ್ಲ."

ಇಷ್ಟಕ್ಕಾಗಿಯೇ? ಮೂರು ಸಲ ಬಿದ್ದು, ನಾಲ್ಕನೇ ಸಲಕ್ಕೆ ಹೈರಾಣಾಗಿ ನೀವು ಪಡೆದದ್ದನ್ನು ನಾನು ಯಾದಗಿರಿಯಿಂದ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ನಾನು ಹೊಡೆದರೆ ನೀವು ಪಕ್ಕದ ಸೀಟಿನಲ್ಲಿ ಕೂರಬೇಕಾಗುತ್ತಿತ್ತು. ಇಷ್ಟಕ್ಕಾಗಿ ನನ್ನನ್ನು ವರ್ಷಗಟ್ಟಲೆ ಪೊಲೀಸರ ಭಯದಲ್ಲಿ ಕೂಡಿಹಾಕಿದಿರಾ? ಹೇಳಿದ್ದರೆ ಏನಾಗುತ್ತಿತ್ತು? ಒಂದು ಗಳಿಗೆ ನಗುತ್ತಿದ್ದೆ. ಆಮೇಲೆ ನಾನು ಕಲಿಯುವಾಗ ಶಾಲೆಯ ಕಂಪೌಂಡಿಗೆ ಗುದ್ದಿದ ಕಥೆ ಹೇಳುತ್ತಿದ್ದೆ. ಇಬ್ಬರೂ ಸೇರಿ ನಗುತ್ತಿದ್ದೆವು. ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಇಷ್ಟು ಸಣ್ಣ ಮಾತನ್ನು ಮುಚ್ಚಲು ಇಷ್ಟು ದೊಡ್ಡ ಸುಳ್ಳು.

ಮರುದಿನ ಮಾವನವರು ಚಹಾ ಕುಡಿಯುತ್ತಿದ್ದಾಗ, ಅವರ ಎದುರಿಗೇ ಅತ್ತೆ ಅಲಮಾರಿಯ ಕೀಲಿ ತೆಗೆದು ಪಾಸ್‌ಪೋರ್ಟನ್ನು ನನ್ನ ಕೈಯಲ್ಲಿಟ್ಟರು. "ಆಕಿ ನೌಕರಿ ಆಕಿಗಿ ಅದ, ಆಕಿ ಹೋಗ್ತಾಳ" ಎಂದರು. "ಮಗನ ಸುಳ್ಳು ಕಾಯಾಕ ನಾ ಕೀಲಿ ಹಾಕ್ಕೊಂಡು ಕುಂಡ್ರಂಗಿಲ್ಲ." ಮಾವನವರು ಕಪ್ಪು ಕೆಳಗಿಟ್ಟರು. ಅತ್ತೆ ನನ್ನ ಚೀಲ ಹಿಡಿದು ಬಸ್ಸಿನ ತನಕ ಬಂದರು. ಶಹಾಪುರದಲ್ಲಿ ಇಳಿದು, ಯಾದಗಿರಿಯ ಬಸ್ಸು ಹಿಡಿದು, ಅಪ್ಪನ ಮನೆಗೆ ಬಂದೆ. ಇಲ್ಲಿಂದಲೇ ಇಂಗ್ಲೆಂಡಿಗೆ ವಾಪಸ್ಸು ಹೊರಡುತ್ತೇನೆ.

ನಾನು ನಮ್ಮ ಮನೆಗೆ ಬರುವುದಿಲ್ಲ. ಸಾಬೇರಾ ಅವರ ಮನೆಯ ಮೇಲಿನ ಕೋಣೆಯಲ್ಲಿರುತ್ತೇನೆ. ನನ್ನನ್ನು ಮಾತಾಡಿಸಬೇಕೆಂದಿದ್ದರೆ ಮೊದಲು ಸಗರಕ್ಕೆ ಫೋನು ಮಾಡಿ. ಅದೇ ಪಡಸಾಲೆ, ಅದೇ ಕಾಕಾಗಳು, ಸ್ಪೀಕರ್ ಹಾಕಿಸಿ. ನೀವು ಮೂರು ಸಲ ಫೇಲಾದದ್ದನ್ನು ಹೇಳಿ, ಆ ನಾಚಿಕೆಗೆ ಹೆಂಡತಿಗೆ ಸುಳ್ಳು ಹೇಳಿದ್ದನ್ನು ಹೇಳಿ, ಅವಳ ಪಾಸ್‌ಪೋರ್ಟು ಇಟ್ಟುಕೊಳ್ಳಲು ಅಪ್ಪನಿಗೆ ಹೇಳಿದವನು ನಾನೇ ಎಂದು ಹೇಳಿ. ಅಳದೆ ಹೇಳಿ. ಅತ್ತೆ ಕೇಳಿಸಿಕೊಂಡು ನನಗೆ ತಿಳಿಸುತ್ತಾರೆ. ಅಲ್ಲಿಯವರೆಗೆ ಸಾಬೇರಾ ಅವರ ಬಾಗಿಲಿಗೆ ಬರಬೇಡಿ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಯಶೋಧರಾ

ತಾ.ಕ.: ಕೂಸಿನ ಮಾತು. ಅವತ್ತು ದವಾಖಾನೆಯಲ್ಲಿ ನೀವು ನೀರು ತರಲು ಹೋದಾಗ ಡಾಕ್ಟರಮ್ಮ ನನ್ನ ಪಕ್ಕ ಕುಳಿತು ಹೇಳಿದ್ದರು. ಕೂಸಿನ ಎದೆಬಡಿತ ಕೆಲವು ದಿನ ಮೊದಲೇ ನಿಂತಿತ್ತಂತೆ. ಎಷ್ಟು ಬೇಗ ಬಂದಿದ್ದರೂ ಉಳಿಸಲು ಆಗುತ್ತಿರಲಿಲ್ಲವಂತೆ. ನೀವು ವಾಪಸ್ಸು ಬಂದವರು ನನ್ನ ಮುಖ ನೋಡಲಿಲ್ಲ, ಆಮೇಲೆ ಆ ಮಾತನ್ನೇ ಎತ್ತಗೊಡಲಿಲ್ಲ, ಹಾಗಾಗಿ ನಿಮಗೆ ತಿಳಿದಿಲ್ಲ. ನೀವು ಕೂಸನ್ನು ಕೊಂದಿಲ್ಲ. ಇನ್ನು ಆ ಹೆಸರಿನಲ್ಲಿ ಅಳಬೇಡಿ, ಅದಕ್ಕೆ ಜನ ನಿಮ್ಮ ಬೆನ್ನು ಸವರುತ್ತಾರೆ. ನಾನು ಆ ಮೆಟ್ಟಿಲ ಮೇಲೆ ಒಬ್ಬಳೇ ಚಾವಿ ನೋಡುತ್ತ ಕುಳಿತಿದ್ದೆನಲ್ಲ, ಅದು ಮಾತ್ರ ನಿಮ್ಮ ಕೆಲಸ. ಅದಕ್ಕೆ ಉತ್ತರ ಕೊಡಿ.