ಕಾಫಿ ಲೆಕ್ಕಕ್ಕಿಲ್ಲ

ಫೆಬ್ರವರಿ 3
ಇವತ್ತೂ ಆರೋಗ್ಯ ಸರ್ವೇಗೆ ಮನೆಮನೆ ಸುತ್ತಾಟ. ಮೂಗು ಮರಗಟ್ಟಿದೆ. ವಾರಕ್ಕೆ ಎಷ್ಟು ಸಲ ಮದ್ಯ ಕುಡಿಯುತ್ತೀರಿ ಎಂದರೆ ಎಲ್ಲರದೂ ಒಂದೇ ಉತ್ತರ — ಕ್ರಿಸ್‌ಮಸ್‌ಗೆ ಒಂದು ಗುಟುಕು. ಇಡೀ ಕಣಿವೆಯೇ ಸಾಧುಸಂತರದು. ಹಾಗಾದರೆ ಕುಡಿದು ಜಾರಿಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಗೆ ಬರುವವರೆಲ್ಲ ಯಾರು?

ಫೆಬ್ರವರಿ 4
ಟ್ರೊಂಡ್‌ಹೈಮ್‌ನಿಂದ ನಮ್ಮ ಆರೋಗ್ಯ ಕಚೇರಿಯ ಮುಖ್ಯಸ್ಥೆ ಟೋರ್‌ಬ್ಯೋರ್ಗ್ ಫೋನ್. "ನಿಮ್ಮೂರು ಚೆನ್ನಾಗೇ ಇದೆಯಲ್ಲ. ಸರ್ವೇ ಮುಗಿಸಿ ಬಾ." ಆಸ್ಪತ್ರೆಯ ಲೆಕ್ಕ ತಾಳೆಯಾಗದೆ ಬರಲ್ಲ ಅಂದೆ.

ಸಂಜೆ ಗುನ್‌ವೋರ್ ಅಜ್ಜಿಯ ಮನೆ. ಕುಡಿಯೋದೇ ಇಲ್ಲ ಅನ್ನುತ್ತಲೇ ಕಪ್ಪಿಗೆ ನಾಣ್ಯ ಹಾಕಿದಳು. ಅದು ಮರೆಯಾಗುವವರೆಗೆ ಕಾಫಿ. ಮತ್ತೆ ಕಾಣುವವರೆಗೆ ಮನೆಯಲ್ಲೇ ಬಟ್ಟಿ ಇಳಿಸಿದ ಸಾರಾಯಿ.

"ಇದೇನಜ್ಜಿ ಮತ್ತೆ?"

"ಇದು ಕಾಫಿ ಕಣೇ. ನಿಮ್ಮಪ್ಪ ಕುಡಿಯೋದನ್ನ ನೋಡಿಲ್ವಾ?"

ಯಾರೂ ಸುಳ್ಳು ಹೇಳಿಲ್ಲ. ನಾನೂ ಇದನ್ನು ನೋಡುತ್ತಲೇ ಬೆಳೆದವಳು. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಅಪ್ಪ... ಶನಿವಾರ ಸ್ಕೀ ಕಲಿಯುವ ಮಕ್ಕಳನ್ನು ವ್ಯಾನಿನಲ್ಲಿ ಗುಡ್ಡಕ್ಕೆ ಕರೆದೊಯ್ಯುವವನು ಅವನೇ. ಹೊರಡುವ ಮುನ್ನ ಈ ಕಾಫಿ ಕುಡಿದೇ ಹೊರಡುತ್ತಾನೆ.

ಫೆಬ್ರವರಿ 5
ಪ್ರಶ್ನೆ ಬದಲಿಸಿದೆ. "ನಿಮ್ಮ ಕಾಫಿ ಹೇಗೆ ಮಾಡ್ತೀರಿ, ತೋರಿಸಿ." ಖುಷಿಯಿಂದ ತೋರಿಸಿದರು. ಟೋರ್‌ಬ್ಯೋರ್ಗ್‌ಗೆ ಹೇಳಿದೆ. ಹಳೆಯ ಉತ್ತರಗಳನ್ನೆಲ್ಲ ಹೊಡೆದುಹಾಕಿಸಿದಳು. ಆಮೇಲೆ, "ಮತ್ತೆ ಎಲ್ಲರ ಮನೆಗೂ ಹೋಗು."

ಹೋಗುತ್ತೇನೆ. ನಮ್ಮ ಮನೆಗೂ.

ಫೆಬ್ರವರಿ 12
ಕಳೆದ ಶನಿವಾರ ಧೈರ್ಯ ಬರಲಿಲ್ಲ; ಇವತ್ತು ಊಟದ ಮೇಜಿನಲ್ಲಿ ಅಪ್ಪನ ಕಾಫಿಯ ಬಗ್ಗೆ ಕೇಳಿಯೇಬಿಟ್ಟೆ. ಅಪ್ಪ ಬ್ರೆಡ್ಡು ಕೊಯ್ಯುತ್ತಿದ್ದ ಚಾಕು ಕೆಳಗಿಟ್ಟ.

"ನಲವತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ. ಒಂದು ಗೀರು ಬಿದ್ದಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದ್ದಾಯ್ತು, ಈಗ ನನ್ನ ಸರದೀನಾ?"

"ಶನಿವಾರ ಕಪ್ಪಲ್ಲಿ ನಾಣ್ಯ ಮತ್ತೆ ಕಂಡ್ರೆ ವ್ಯಾನ್ ಕೀಲಿ ಕೊಡಲ್ಲ ಅಪ್ಪ. ಮಕ್ಕಳ ಮನೇಲೂ ನಾನೇ ಹೇಳ್ತೀನಿ."

ಬ್ರೆಡ್ಡು, ಚೀಸು ಹಾಗೇ ಬಿಟ್ಟು ಎದ್ದುಹೋದ. ಸಂಕಟವಾಯಿತು. ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಫೆಬ್ರವರಿ 15, ಶನಿವಾರ, ಬೆಳಿಗ್ಗೆ
ಎದುರಿಗೇ ಕೂತಿದ್ದಾನೆ. ಅವತ್ತಿನಿಂದ ಮಾತಿಲ್ಲ. ಅವನ ಮುಖ ನೋಡಲಾಗದೆ ಬರೆಯುತ್ತಿದ್ದೇನೆ. ಅಂಗಳದಲ್ಲಿ ಮಕ್ಕಳ ಗಲಾಟೆ. ಮೊದಲೇ ಎತ್ತಿಟ್ಟುಕೊಂಡ ವ್ಯಾನ್ ಕೀಲಿ ನನ್ನ ಎಡಗೈಯಲ್ಲಿ.

ನಾಣ್ಯ ಹಾಕಿದ. ಕಾಫಿ ಸುರಿದ. ನಾಣ್ಯ ಮರೆಯಾಯಿತು. ಬಾಟಲಿಗೆ ಕೈ ಹಾಕಿದ...

ಬಾಟಲಿ ಬದಿಗೆ ಸರಿಸಿದ. ಬರೀ ಕಾಫಿ ಕುಡಿದು ಮುಖ ಕಿವುಚಿದ.

"ಥೂ. ಈ ಕಹೀನ ಜನ ಹೆಂಗೆ ಕುಡೀತಾರೋ."

ಕೈ ಚಾಚಿದ್ದಾನೆ. ನನಗೆ ಅಳು ಬರುತ್ತಿದೆ. ಕೀಲಿ ಕೊಡಲು ಪೆನ್ನು ಕೆಳಗಿಡು—