ಎಂಟನೇ ಪುಟದ ‘ಸ್ವಇಚ್ಛೆ’

ಆಂತರಿಕ ದೂರು ಸಮಿತಿಯ ಮಾನ್ಯ ಅಧ್ಯಕ್ಷರ ದಿವ್ಯ ಸನ್ನಿಧಾನಕ್ಕೆ,

ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಡಬ್ಬಿ ಅಲ್ಲಾಡಿಸಿ ಹೊಟ್ಟೆ ಹೊರೆಯುವ ಅಲ್ಪನೊಬ್ಬ ಕೈಜೋಡಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ತಮ್ಮ ಸಮಿತಿಯ ಹನ್ನೊಂದು ಪುಟದ ವರದಿಯ ಎಂಟನೇ ಪುಟದಲ್ಲಿ ಒಂದು ಸುಳ್ಳಿದೆ. “ದೂರುದಾರರು ಸ್ವಇಚ್ಛೆಯಿಂದ ಮದ್ಯ ಸೇವಿಸಿದ್ದರು” ಎಂಬುದೇ ಅದು. ಬರುವ ಸೋಮವಾರ ಆಡಳಿತ ಮಂಡಳಿ ಈ ವರದಿಗೆ ಅಂಕಿತ ಹಾಕಲಿದೆ. ಹಾಕಿದ ಮೇಲೆ ಆ ಸಾಲು ಸತ್ಯವಾಗಿಬಿಡುತ್ತದೆ. ನಮ್ಮಲ್ಲಿ ಸೀಲು ಬಿದ್ದದ್ದೆಲ್ಲ ಸತ್ಯ ತಾನೇ? ಅದಕ್ಕೇ ಅವಸರದಲ್ಲಿ, ಪತ್ರಿಕೆಯ ಮೂಲಕ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಮೊದಲಿಗೆ ಅಭಿನಂದನೆ. ತಾವು ಅಪರಾಧಿಯನ್ನು ಹಿಡಿದಿದ್ದೀರಿ. ಅದು ಬಾಟಲಿ. ರವಾನೆ ವಿಭಾಗದ ಮುಖ್ಯಸ್ಥರಾದ, ಇಡೀ ಕಾರ್ಖಾನೆ ‘ಅಣ್ಣ’ ಎಂದು ಕರೆಯುವ ಮಹಾನುಭಾವರ ಬಗ್ಗೆ “ಅಮಲಿನಲ್ಲಿದ್ದುದರಿಂದ ಅವರಿಗೆ ದುರುದ್ದೇಶವಿತ್ತೆಂದು ಹೇಳಲಾಗದು” ಎಂದು ಏಳನೇ ಪುಟದಲ್ಲಿ ಬರೆದಿದ್ದೀರಿ. ಪುಟ ತಿರುಗಿಸಿದರೆ, ದೂರು ಕೊಟ್ಟ ನಮ್ಮ ಪ್ರಯೋಗಾಲಯದ ಅಕ್ಕ ಕುಡಿದಿದ್ದರಿಂದ “ತಮ್ಮ ಸುರಕ್ಷತೆಯ ಬಗ್ಗೆ ಎಚ್ಚರ ವಹಿಸಲಿಲ್ಲ.” ಎಂಥ ಪವಾಡದ ದ್ರವ, ಮಾನ್ಯರೇ! ಗಂಡಸಿನ ಗಂಟಲಲ್ಲಿ ಇಳಿದರೆ ಪಾಪ ತೊಳೆಯುತ್ತದೆ, ಹೆಂಗಸಿನ ಗಂಟಲಲ್ಲಿ ಇಳಿದರೆ ಪಾಪ ಅಂಟಿಸುತ್ತದೆ. ಇಪ್ಪತ್ತು ಬಗೆಯ ಥಿನ್ನರ್ ಬಳಸುವ ನಮ್ಮಲ್ಲಿ ಇಂಥದ್ದೊಂದು ಇಲ್ಲ. ಅಣ್ಣನವರಿಗೆ ಎರಡು ವಾರ ರಜೆ ಮತ್ತು ಹಿತವಚನ. ಅಕ್ಕನಿಗೆ “ಅವರ ಹಿತದೃಷ್ಟಿಯಿಂದ” ಹಿಂಬದಿಯ ಗೋದಾಮಿಗೆ ವರ್ಗ. ಒಂಬತ್ತು ವರ್ಷ ಬಣ್ಣ ನೋಡಿದ ಕಣ್ಣು ಈಗ ಖಾಲಿ ಡಬ್ಬಿ ನೋಡಬೇಕು. ಬಾಟಲಿಗೆ ಮಾತ್ರ ಇನ್ನೂ ಕಾರಣ ಕೇಳಿ ನೋಟಿಸು ಹೋಗಿಲ್ಲ. ದಯವಿಟ್ಟು ಆ ಲೋಪವನ್ನೂ ಸರಿಪಡಿಸುವುದು.

ಇನ್ನು ಸಾಕ್ಷ್ಯ. ವಾರ್ಷಿಕ ದಿನಾಚರಣೆ ನಡೆದದ್ದು ಒಂದು ಶನಿವಾರ, ನಡು ಮಧ್ಯಾಹ್ನ, ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿದ ಜಾಗದಲ್ಲಿ. ಒಂದು ಮೇಜಿನ ಮೇಲೆ ಬಾಟಲಿಗಳು, ಇನ್ನೊಂದರ ಮೇಲೆ ಕುಡಿಯದವರಿಗಾಗಿ ಹಣ್ಣಿನ ರಸದ ಗಾಜಿನ ಜಗ್ಗು. ಅಕ್ಕ ಕುಡಿಯುವವಳಲ್ಲ. ಅವಳೂ ಲೆಕ್ಕಪತ್ರ ವಿಭಾಗದ ಇಬ್ಬರು ಸಾಧುಗಳೂ ಆ ಜಗ್ಗಿನ ಸುತ್ತ ನಿಂತಿದ್ದರು. ಸಾಧುಗಳನ್ನು ಕುಣಿಸಿ ನೋಡೋಣವೆಂದು ಒಬ್ಬ ಕಿಡಿಗೇಡಿಗೆ ಬುದ್ಧಿ ಬಂತು. ಅವನು ಅರ್ಧ ಬಾಟಲಿ ವೋಡ್ಕಾವನ್ನು ಆ ಜಗ್ಗಿಗೆ ಬೆರೆಸಿದ. ಬಣ್ಣ ಬದಲಾಗದಂತೆ, ವಾಸನೆ ಏಳದಂತೆ, ಅಳತೆ ಹಿಡಿದು. ಬೆರೆಸುವುದೇ ಅವನ ಕಸುಬು.

ಆ ಕಿಡಿಗೇಡಿ ನಾನು.

ಸಾಧುಗಳಲ್ಲಿ ಒಬ್ಬರು ಹಾಡಿದರು, ಮತ್ತೊಬ್ಬರು ತಮ್ಮ ಬೂಟು ಬಿಚ್ಚಿ ಭಾಷಣ ಮಾಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗೆಯ ಗುಟ್ಟು ಹೊಟ್ಟೆಯಲ್ಲಿ ನಿಲ್ಲದು. ಪಕ್ಕದಲ್ಲಿದ್ದ ಅಣ್ಣನವರು ಕೇಳಿದರು: “ಏನೋ ತಮ್ಮಾ, ಏನೋ ಮಾಡಿದ್ದೀಯ. ಬೊಗಳು.”

“ಅಣ್ಣಾ, ಆ ಜಗ್ಗು ನೋಡಿ. ಹಣ್ಣಿಗಿಂತ ಹೆಂಡಾನೇ ಜಾಸ್ತಿ.”

“ಕಳ್ಳ ನನ್ಮಗನೇ!” ಎಂದು ಬೆನ್ನು ತಟ್ಟಿದರು. ಆಮೇಲೆ ಎದ್ದು ಹೋಗಿ ಅದೇ ಜಗ್ಗಿನಿಂದ ಒಂದು ಲೋಟ ತುಂಬಿಸಿ ಅಕ್ಕನ ಕೈಗಿಟ್ಟರು. “ತಗೋಮ್ಮಾ, ಸೆಕೆ ಇದೆ. ಬರೀ ಹಣ್ಣಿನ ರಸ.” ಅದು ಖಾಲಿಯಾದ ಮೇಲೆ ಇನ್ನೊಂದು. ನಾನು ದೂರದಿಂದ ನೋಡಿ, ಆಹಾ, ಅಣ್ಣನಿಗೂ ನನ್ನ ತಮಾಷೆ ಹಿಡಿಸಿತು ಎಂದು ಹಿಗ್ಗಿದೆ. ಆಮೇಲೆ ನನ್ನ ಪಾಲಿನ ಅಮಲು ಏರಿ ಬೆಂಚಿನ ಮೇಲೆ ಉರುಳಿದೆ.

ನಾಲ್ಕು ಗಂಟೆಗೆ ಅಕ್ಕನಿಗೆ ತಲೆ ನಿಲ್ಲುತ್ತಿರಲಿಲ್ಲ. “ಮನೇಗ್ ಬಿಡ್ತೀನಿ ಬಾರಮ್ಮಾ” ಎಂದು ಕಾರು ಹತ್ತಿಸಿದ ಅಣ್ಣನವರು ಬಿಟ್ಟದ್ದು ಮನೆಗಲ್ಲ, ಕಂಪನಿಯ ಅತಿಥಿಗೃಹಕ್ಕೆ. ಅಲ್ಲಿ ಅವಳು ಬೇಡ ಎಂದಳು. ಎಷ್ಟು ಸಲ ಎಂದು ತಮ್ಮ ವರದಿಯ ನಾಲ್ಕನೇ ಪುಟದಲ್ಲೇ ಇದೆ, ನಾನು ಎಣಿಸಲಾರೆ. ಆದರೆ ಅದೇ ಪುಟದಲ್ಲಿರುವ, ‘ಅಮಲಿನಲ್ಲಿದ್ದ’ ಮನುಷ್ಯನ ಸಾಧನೆಗಳನ್ನು ಸಮಿತಿ ಗಮನಿಸಬೇಕು. ಕಾರಿನ ಕೀಲಿ ಯಾವ ಜೇಬಿನಲ್ಲಿದೆಯೆಂದು ಅವರಿಗೆ ನೆನಪಿತ್ತು. ಎರಡು ಸಿಗ್ನಲ್ಲುಗಳಲ್ಲಿ ಕೆಂಪಿಗೆ ನಿಂತು ಹಸಿರಿಗೆ ಹೊರಟರು. ಅತಿಥಿಗೃಹದ ಕಿರಿದಾದ ಗೇಟಿನೊಳಗೆ, ಗೋಡೆಗೆ ಗೀರೂ ಬೀಳದ ಹಾಗೆ, ಹಿಮ್ಮುಖವಾಗಿ ಕಾರು ನಿಲ್ಲಿಸಿದರು. ಕಾವಲುಗಾರನನ್ನು ಸಿಗರೇಟು ತರಲು ಕಳಿಸಿದರು. ಬಾಗಿಲ ಚಿಲಕ ಹಾಕಲು ಮರೆಯಲಿಲ್ಲ. ಮರೆತದ್ದು ಒಂದೇ, ನಿರೋಧ್. ತಾವು ಅದನ್ನು ಕೇಳಿದಾಗ ಅವರು ಕೊಟ್ಟ ಉತ್ತರವನ್ನು ಅಕ್ಕ ಈಗಲೂ ಹಾಗೆಯೇ ಒಪ್ಪಿಸುತ್ತಾಳೆ: “ಅಯ್ಯೋ, ಕುಡಿದಿರೋವಾಗ ಅದೆಲ್ಲಾ ಯಾರಿಗ್ ನೆನಪಿರತ್ತೆ ಸ್ವಾಮೀ?” ಅದಕ್ಕೆ ಸಮಿತಿಯ ಸದಸ್ಯರೊಬ್ಬರು ನಕ್ಕರಂತೆ. ಅವರಿಗೆ ನೆನಪಿಲ್ಲದ್ದನ್ನು ಅವಳು, ಎಚ್‌ಐವಿ ತಗುಲದಿರಲೆಂದು, ಇಪ್ಪತ್ತೆಂಟು ದಿನ ಮಾತ್ರೆಯಾಗಿ ನುಂಗಿದಳು, ವಾಂತಿ ಮಾಡಿಕೊಂಡಳು, ಮತ್ತೆ ನುಂಗಿದಳು. ಕೊನೆಯ ರಕ್ತಪರೀಕ್ಷೆ ಇನ್ನೂ ಬಾಕಿಯಿದೆ. ಇದಕ್ಕೆ ವರದಿಯಲ್ಲಿ ಯಾವ ಪುಟ ಕೊಟ್ಟಿದ್ದೀರಿ?

ಹೆಂಡ ಕಣ್ಣು ಕುರುಡು ಮಾಡುತ್ತದೆ ಎನ್ನುತ್ತೀರಿ. ಒಪ್ಪೋಣ. ಅಂದು ನಲವತ್ತು ಗಂಡಸರು ಕುಡಿದಿದ್ದೆವು. ಒಬ್ಬ ಅತ್ತ, ಒಬ್ಬ ತೂಕಡಿಸಿದ, ಒಬ್ಬ ಕುರ್ಚಿಯ ಜೊತೆ ಜಗಳಕ್ಕೆ ನಿಂತ. ಆಡಳಿತ ನಿರ್ದೇಶಕರ ಪತ್ನಿಯವರೂ ಅದೇ ಕ್ಯಾಂಟೀನಿನಲ್ಲಿದ್ದರು. ಯಾವ ಕುಡುಕನ ಕೈಯೂ ತಪ್ಪಿ ಅವರ ಹೆಗಲ ಮೇಲೆ ಬೀಳಲಿಲ್ಲ. ಇದೆಂಥ ಕುರುಡು, ಮಾನ್ಯರೇ, ಹುದ್ದೆಯ ಏಣಿಯಲ್ಲಿ ಕೆಳಗಿರುವವರ ಮೇಲೇ ಹುಡುಕಿ ಹುಡುಕಿ ಎಡವಿ ಬೀಳುವ ಕುರುಡು? ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿದ ಕಥೆಯನ್ನು ಕೇಳಿದ್ದೇವೆ. ಒರೆಸಿದ್ದಕ್ಕೆ ಹನ್ನೊಂದು ಪುಟದ ದೃಢೀಕರಣ ಕೊಡುವ ಸಮಿತಿಯನ್ನು ಈಗ ಕಂಡೆವು.

ದಿನಾಚರಣೆ ಮುಗಿದ ಮರು ಸೋಮವಾರ ಏನೂ ಗೊತ್ತಿಲ್ಲದ ನಾನು ಪ್ರಯೋಗಾಲಯಕ್ಕೆ ಕುಣಿಯುತ್ತ ಹೋಗಿ, “ಏನಕ್ಕಾ, ಶನಿವಾರ ಫುಲ್ ಟೈಟಂತೆ?” ಎಂದೆ. ಅವಳು ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಒತ್ತಿ ಎದ್ದುಹೋದಳು. ಮೂರು ದಿನವಾದ ಮೇಲೆ ದೂರಿನ ಸುದ್ದಿ ಹರಡಿತು. ಕ್ಯಾಂಟೀನಿನ ತಟ್ಟೆ ತೊಳೆಯುವ ತೊಟ್ಟಿಯ ಹತ್ತಿರ ಅವಳ ಪಕ್ಕ ಹೋಗಿ ನಿಂತೆ.

“ಅಕ್ಕಾ, ಆ ಜಗ್ಗಿಗೆ ಹಾಕಿದ್ದು ನಾನೇ. ಅಣ್ಣಂಗೂ ಹೇಳಿದ್ದೆ.”

ಅವಳು ನಲ್ಲಿ ನಿಲ್ಲಿಸಿದಳು. “ಎಷ್ಟು ಹಾಕ್ದೆ?”

“ಅರ್ಧ ಬಾಟ್ಲಿ.”

“ಅಳತೆ ಮಾಡಿ?”

“ಹೂಂ.”

“ಅಳತೆ ಮಾಡೋದು ನಿಂಗೆ ಕಲಿಸ್ದೋಳು ನಾನೇ ಅಲ್ವೇನೋ?” ಎಂದಳು. ಮತ್ತೆ ನಲ್ಲಿ ಬಿಟ್ಟಳು.

ನಮ್ಮ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿದೆ. ಬಣ್ಣದ ಪೀಪಾಯಿಗೆ ಯಾರಾದರೂ ತಪ್ಪಾಗಿ ಏನನ್ನಾದರೂ ಬೆರೆಸಿದರೆ, ಏನು, ಎಷ್ಟು, ಯಾವಾಗ ಎಂದು ಹಳದಿ ಚೀಟಿಯಲ್ಲಿ ಬರೆದು, ಸಹಿ ಮಾಡಿ ಅಂಟಿಸಬೇಕು. ಚೀಟಿ ಅಂಟಿಸಿದವನನ್ನು ಯಾರೂ ಬೈಯುವುದಿಲ್ಲ. ಅಂಟಿಸದೆ ಮುಚ್ಚಿಟ್ಟವನಿಗೆ ಕ್ಷಮೆಯಿಲ್ಲ. ನಾನು ಒಂದು ಹಳದಿ ಚೀಟಿ ತುಂಬಿದೆ. ವಸ್ತು: ಹಣ್ಣಿನ ರಸ, ಒಂದು ಜಗ್ಗು. ಬೆರೆಸಿದ್ದು: ವೋಡ್ಕಾ. ಬೆರೆಸಿದವನು: ನಾನು. ತಿಳಿದಿದ್ದವರು: ರವಾನೆ ವಿಭಾಗದ ಮುಖ್ಯಸ್ಥರು. ಅದನ್ನು ಹಿಡಿದುಕೊಂಡು ತಮ್ಮ ಕಚೇರಿಗೆ ಮೂರು ಸಲ ಬಂದೆ.

ತಮ್ಮ ಕಾರ್ಯದರ್ಶಿಗಳು ಅದನ್ನೋದಿ, “ಏನಪ್ಪಾ ಮಹಾರಾಯ, ಇದು ಹೊಸ ನಾಟಕಾನಾ? ಹೋಗ್ಹೋಗು” ಎಂದರು. ಅವರ ತಪ್ಪಲ್ಲ. ಕ್ಯಾಂಟೀನಿನ ಕಾಫಿ ಯಂತ್ರ ಕೆಟ್ಟಾಗ, ಅದು “ದೀರ್ಘಕಾಲದ ಸೇವೆಯ ನಂತರ ನಿಧನ ಹೊಂದಿದೆ” ಎಂದು ಕಂಪನಿಯ ಕಾಗದದಲ್ಲಿ ಸುತ್ತೋಲೆ ಹೊರಡಿಸಿದವನು ನಾನೇ. ಎರಡು ನಿಮಿಷದ ಮೌನಾಚರಣೆಗೆ ತಾವೂ ಎದ್ದು ನಿಂತಿದ್ದಿರಿ. ಆ ಸುತ್ತೋಲೆಯ ಕರ್ತೃವನ್ನು ಅರ್ಧ ಗಂಟೆಯಲ್ಲಿ ಪತ್ತೆಹಚ್ಚಿ ಮೂರು ದಿನ ಅಮಾನತು ಮಾಡಿದಿರಿ. ಅಂದು ನಾನು ಇಲ್ಲ ಎಂದರೂ ನಂಬಲಿಲ್ಲ, ಇಂದು ಹೌದು ಎಂದರೂ ನಂಬುವುದಿಲ್ಲ. ಕಾಫಿ ಯಂತ್ರದ ಮಾನಕ್ಕೆ ಇದ್ದ ಚುರುಕಿನ ನ್ಯಾಯ ಅಕ್ಕನ ಪಾಲಿಗೆ ಎಲ್ಲಿ ಹೋಯಿತು?

ಈ ಪತ್ರವನ್ನು ಮೊದಲು ಓದಿದವಳು ಅವಳೇ. ನಾನು ಪಶ್ಚಾತ್ತಾಪದಲ್ಲಿ ಬೆಂದದ್ದನ್ನು ಎರಡು ಪ್ಯಾರಾ ಬರೆದಿದ್ದೆ. ಎರಡನ್ನೂ ಹೊಡೆದು ಹಾಕಿದಳು. “ನಿನ್ನ ಅಳು ಕಟ್ಕೊಂಡು ನಾನೇನು ಮಾಡ್ಲೋ? ಆ ಸಾಲು ತೆಗಿಸು. ಇನ್ನೂ ಒಂದು ಬರಿ. ನಾನು ನಾನಾಗೇ ಕುಡಿದಿದ್ರೂ, ಕುಡಿದಿದ್ದು ಲೋಟದಲ್ಲಿದ್ದಿದ್ದನ್ನ ಅಷ್ಟೇ. ಅವನನ್ನ ಒಪ್ಪಿದ್ದಲ್ಲ. ಬರಿ.” ಬರೆದಿದ್ದೇನೆ. ನನ್ನನ್ನು ಕ್ಷಮಿಸಿದೆಯಾ ಎಂದು ಕೇಳುವ ಧೈರ್ಯ ಬರಲಿಲ್ಲ, ಅವಳೂ ಹೇಳಲಿಲ್ಲ.

ಆದ್ದರಿಂದ ನನ್ನ ಹಕ್ಕೊತ್ತಾಯ. ಅಂಕಿತ ಬೀಳುವ ಮೊದಲು ಎಂಟನೇ ಪುಟದ ಆ ಸಾಲನ್ನು ತೆಗೆಯಿರಿ. ನನ್ನ ಹೇಳಿಕೆಯನ್ನು ದಾಖಲಿಸಿ, ನಾನು ಮಾಡಿದ್ದಕ್ಕೆ ನನ್ನ ಮೇಲೂ ಆರೋಪ ಹೊರಿಸಿ; ಅಮಲಿನಲ್ಲಿದ್ದೆ ಎಂದು ನಾನು ರಿಯಾಯಿತಿ ಕೇಳುವುದಿಲ್ಲ. ಅವಳ ಮೇಜನ್ನು ಅವಳಿಗೆ ಬಿಟ್ಟುಕೊಡಿ. ಅಣ್ಣನವರನ್ನು ಕರೆಸಿ, ನನ್ನೆದುರು ಕೂರಿಸಿ, ಒಂದೇ ಪ್ರಶ್ನೆ ಕೇಳಿ: ಎರಡನೆಯ ಲೋಟ ತುಂಬಿಸುವಾಗ ಜಗ್ಗಿನಲ್ಲಿ ಏನಿದೆಯೆಂದು ತಮಗೆ ಗೊತ್ತಿತ್ತೇ? ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಮ್ಮ ಬಾಗಿಲಲ್ಲಿರುತ್ತೇನೆ. ಅಕ್ಕನನ್ನು ಕರೆಯಬೇಡಿ. ಅವಳು ಹೇಳಬೇಕಾದ್ದನ್ನೆಲ್ಲ ಒಮ್ಮೆ ಹೇಳಿಯಾಗಿದೆ. ಇನ್ನು ಬಾಯಿ ಬಿಡಬೇಕಾದವರು ನಾವು ಗಂಡಸರು.

ಇಂತಿ,
ಇದೊಂದನ್ನಾದರೂ ನಿಜವೆಂದು ನಂಬಿ ಎಂದು ಬೇಡುವ ಸ್ಥಿತಿಗೆ ತನ್ನನ್ನು ತಾನೇ ತಂದುಕೊಂಡಿರುವ,
ಪ್ರಯೋಗಾಲಯದ ಕಿರಿಯ ಸಹಾಯಕ