ಹುಣಸೆಕಟ್ಟೆಯ ದವಡೆ

೧೧ ಏಪ್ರಿಲ್ ೨೦೨೫, ಶುಕ್ರವಾರ

ಆರಕ್ಕೆ ವಾಕಿಂಗ್. ಗಂಗಯ್ಯನ ಹೋಟೆಲಿನಲ್ಲಿ ಅರ್ಧ ಲೋಟ ಟೀ, ಮೂರು ಪೇಪರು. ಬೀದಿದೀಪ ಹಗಲಲ್ಲೂ ಉರಿಯುತ್ತಿತ್ತು. ನಾಲ್ಕನೇ ಸಲ ಫೋಟೋ ತೆಗೆದು ನಗರಸಭೆಗೆ ಕಳಿಸಿದೆ. ಉತ್ತರ ಬರುವುದಿಲ್ಲ, ಗೊತ್ತು. ಕಳಿಸುತ್ತೇನೆ.

ಗಂಗಯ್ಯ ಚನ್ನಪಟ್ಟಣಕ್ಕೆ ಬಂದು ಇಪ್ಪತ್ತು ವರ್ಷವಾದರೂ ಊರು ಹುಣಸೆಕಟ್ಟೆಯೇ. ಲೋಟ ಇಡುತ್ತಲೇ, "ಸಾ, ನಮ್ಮೂರ ಕೆರೇಲಿ ನಿಮ್ ಕೋತಿ ಸಿಕ್ಕೈತೆ!"

ನಿನ್ನೆ ಹೂಳೆತ್ತುವಾಗ ಜೆಸಿಬಿ ಬಕೆಟ್ಟಿಗೆ ಒಂದು ಕೆಳದವಡೆ ಬಂತಂತೆ. ಸಂಜೆಯೊಳಗೆ ಮೂರು ವಾಟ್ಸಾಪ್ ಗುಂಪಿನಲ್ಲಿ — "ನಮ್ಮ ರಾಮನಗರದಲ್ಲಿ ಕೋಟಿ ವರ್ಷದ ವಾನರ." ಐದು ವರ್ಷದ ಹಿಂದೆ ಆ ಸುದ್ದಿ ಬಂದದ್ದು ಜಮ್ಮುವಿನ ರಾಮನಗರದಿಂದ! ಅಲ್ಲಿ ಶಿವಾಲಿಕದ ಮೆತ್ತನೆ ಪದರಗಳು. ಒಂದೇ ಒಂದು ದವಡೆಹಲ್ಲು, ಒಂದು ಕೋಟಿ ಮೂವತ್ತು ಲಕ್ಷ ವರ್ಷದ್ದು. ಇಲ್ಲಿರುವುದು ಗ್ರಾನೈಟು. ಕರಗಿ ಹೆಪ್ಪುಗಟ್ಟಿದ ಕಲ್ಲು. ಅದರಲ್ಲಿ ವಾನರನನ್ನು ಹುಡುಕುವುದು ಬೂದಿಯಲ್ಲಿ ಮೊಳಕೆ ಹುಡುಕಿದ ಹಾಗೆ. ಮೂವತ್ತೊಂದು ವರ್ಷ ಈ ತಾಲ್ಲೂಕಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದೆನಲ್ಲ, ಯಾರಿಗೆ?

೧೩ ಏಪ್ರಿಲ್, ಭಾನುವಾರ

ಬಾಲರಾಜು ಕಾರು ಕಳಿಸಿದ್ದ. ಹುಣಸೆಕಟ್ಟೆ ಪಂಚಾಯಿತಿಯ ಮಾಜಿ ಅಧ್ಯಕ್ಷ, ಹೂಳೆತ್ತುವ ಕಂಟ್ರಾಕ್ಟೂ ಅವನದೇ. ಪಂಚಾಯಿತಿ ಆಫೀಸಿನಲ್ಲಿ ಸ್ಟೀಲ್ ತಟ್ಟೆ, ಹೊಸ ಟವೆಲ್, ಅದರ ಮೇಲೆ ದವಡೆ. ಯಾರೋ ಒಂದು ದಾಸವಾಳವನ್ನೂ ಇಟ್ಟಿದ್ದರು. ಮುದುಕರೊಬ್ಬರು, "ಆಂಜನೇಸ್ವಾಮಿದೇ ಇರ್ಬೇಕು" ಎಂದು ಕೆನ್ನೆ ಬಡಿದುಕೊಂಡರು.

ಕೈಗೆ ತೆಗೆದುಕೊಂಡ ಕ್ಷಣವೇ ತಿಳಿಯಿತು. ಗದ್ದ ಇದೆ. ಯಾವ ವಾನರನಿಗೂ ಗದ್ದವಿಲ್ಲ. ಗೊರಿಲ್ಲಾಗಿಲ್ಲ, ಚಿಂಪಾಂಜಿಗಿಲ್ಲ. ನಮಗಿಂತ ಹಿಂದಿನ ಮಾನವ ಜಾತಿಗಳಿಗೂ ಹೀಗೆ ಮುಂದೆ ಚಾಚಿದ ಗದ್ದವಿಲ್ಲ. ಕೋರೆಹಲ್ಲು ಚಿಕ್ಕದು. ಎಡಗಡೆ ಮೊದಲ ದವಡೆಹಲ್ಲು ಬದುಕಿದ್ದಾಗಲೇ ಹೋಗಿದೆ, ಗುಳಿ ಮುಚ್ಚಿ ಮೂಳೆ ಕೂಡಿಕೊಂಡಿದೆ. ಉಳಿದ ಹಲ್ಲುಗಳ ಮೇಲೆಲ್ಲ ಅಡ್ಡ ಕಂದು ಗೆರೆ.

ಮುಕ್ಕಾಲು ಗಂಟೆ ಪಾಠ ಮಾಡಿದೆ. ಬೋರ್ಡ್ ಇಲ್ಲದ್ದಕ್ಕೆ ಗೋಡೆಯ ಮೇಲೇ ಇದ್ದಿಲಿನಲ್ಲಿ ಬರೆದೆ.

"ಹಂಗಾರೆ ಕೋತಿ ಅಲ್ವಾ?" — ಬಾಲರಾಜುವಿನ ಮುಖ ಸಣ್ಣಗಾಯಿತು.

"ಅಲ್ಲ. ಮನುಷ್ಯನದು."

ಪಿಡಿಒ ಹುಡುಗಿ ಮೆಲ್ಲಗೆ ಕೇಳಿದಳು: "ಮನುಷ್ಯನದು ಅಂದ್ರೆ ಪೊಲೀಸ್‌ಗೆ ತಿಳಿಸ್ಬೇಕಲ್ವಾ ಸರ್?"

"ಹಳೇ ಮೂಳೆಗೆ ಪೊಲೀಸ್ ಯಾಕಮ್ಮ? ರಾಜರ ಕಾಲದ್ದೂ ಸ್ಟೇಷನ್‌ಗೆ ಒಯ್ತೀಯಾ?" ಎಂದ ಬಾಲರಾಜು. ಎಲ್ಲರೂ ನಕ್ಕರು. ನಾನೂ. ಆಮೇಲೆ ನನ್ನ ಕಡೆ ತಿರುಗಿ, "ಮನ್ಸುಂದೇ ಆಗ್ಲಿ ಬುಡಿ ಮೇಷ್ಟ್ರೇ. ಬಣ್ಣ ನೋಡಿ, ಹೆಂಗ್ ಕಂದಾಗೈತೆ. ಬೋ ಹಳೇದು. ಅದನ್ನೇ ಒಸಿ ಬರ್ದುಕೊಡಿ."

ಬರೆದೆ. "ಇದು ವಾನರನ ದವಡೆಯಲ್ಲ, ಮಾನವನದು. ಬಹು ಹಳೆಯದು." ತಾರೀಖು, ಸಹಿ, ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ.

ಮನೆಗೆ ಬಂದು ಹೆಂಡತಿ ಅಂಬುಜಳಿಗೆ ಎಲ್ಲ ಹೇಳಿದೆ. ಕೊತ್ತಂಬರಿ ಬಿಡಿಸುತ್ತ ಕೇಳಿಸಿಕೊಂಡಳು. "ಕೋತಿ ಅಲ್ಲ ಅಂತ ಸಾಧಿಸೋಕೆ ಎಷ್ಟು ಸಂಭ್ರಮ! ಮನುಷ್ಯನದು ಅಂದ್ರೆ ಯಾರದು ಅಂತ ಕೇಳ್ಬೇಡ್ವಾ?"

ಇವಳಿಗೇನು ಹೇಳುವುದು. ಸಾವಿರ ವರ್ಷದ ಹಿಂದಿನವನ ಹೆಸರು ಯಾರಿಗೆ ಗೊತ್ತಿರುತ್ತದೆ.

೧೫ ಏಪ್ರಿಲ್

ಪೇಪರಿನಲ್ಲಿ: "ಹುಣಸೆಕಟ್ಟೆಯಲ್ಲಿ ಆದಿಮಾನವ." ಆದಿಮಾನವ ಎಂದು ನಾನು ಎಲ್ಲಿ ಹೇಳಿದೆ? ನನ್ನ ಫೋಟೋದ ಕೆಳಗೆ ಬೇರೆಯವರ ಹೆಸರು. ಸಂಪಾದಕರಿಗೆ ಎರಡು ಪುಟ ಬರೆದೆ — ಮನುಷ್ಯ ಕೋತಿಯಿಂದ ಹುಟ್ಟಿದವನಲ್ಲ, ಇಬ್ಬರಿಗೂ ಹಿಂದೆ ಒಬ್ಬ ಪೂರ್ವಜ ಇದ್ದ, ಇಷ್ಟು ಸಣ್ಣ ವಿಷಯವನ್ನು ಇನ್ನೂ ಎಷ್ಟು ತಲೆಮಾರಿಗೆ ಹೇಳಬೇಕು, ಇತ್ಯಾದಿ.

೪ ಮೇ

ಪಂಚಾಯಿತಿ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆ, ರಿಬ್ಬನ್, ಸೀರಿಯಲ್ ಸೆಟ್. ದವಡೆ ನಿಲ್ಲಿಸಲು ಚನ್ನಪಟ್ಟಣದ ಫರ್ಹಾನ್ ಹಾಲೆಮರದಲ್ಲಿ ಪೀಠ ಕಡೆದುಕೊಟ್ಟಿದ್ದಾನೆ. ಕೆಂಪು ಹಳದಿ ಅರಗು, ಆನೆ ಕುದುರೆ ಆಟಿಕೆಯದೇ ಬಣ್ಣ. ದವಡೆಯೂ ಮಿರಮಿರ ಮಿಂಚುತ್ತಿತ್ತು. ರೇಗಿ ಫರ್ಹಾನನನ್ನು ಕೇಳಿದೆ.

"ಬಾಲರಾಜಣ್ಣ ವಾರ್ನಿಷ್ ಹೊಡಿ ಅಂದ್ರು ಸರ್. ಮೂಳೆಗೆ ಹೊಡೆದು ನನ್ಗೂ ಅಭ್ಯಾಸ ಇಲ್ಲ. ಎರಡು ದಿವ್ಸ ಊಟ ಸೇರ್ಲಿಲ್ಲ."

ಸಾಲಾಗಿ ಜನ. ಕೈ ಮುಗಿಯುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು.

೨೪ ಮೇ

ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಯಿತು. ಇನ್ನು ಮೇಲೆ ಜಮ್ಮುವಿನ ರಾಮನಗರಕ್ಕೆ ನಮ್ಮಿಂದ ತೊಂದರೆಯಿಲ್ಲ.

೯ ಜೂನ್, ಸೋಮವಾರ. ಬೆಳಿಗ್ಗೆ ೮

ಬರೆಯಲು ಕೈ ಬರುತ್ತಿಲ್ಲ. ಬರೆಯಬೇಕು.

ಗಂಗಯ್ಯನ ಹೋಟೆಲು. ಎಂದಿನ ತಮಾಷೆ. "ಸಾ, ಕೋತಿ ಮನ್ಸ ಆಗಕ್ಕೆ ಎಷ್ಟ್ ವರ್ಷ ಹಿಡೀತು?"

"ಹಾಗಲ್ಲವಯ್ಯ, ಲಕ್ಷಾಂತರ..."

"ಬುಡಿ ಸಾ. ನಮ್ ಬಾಲರಾಜುಂಗೆ ಇನ್ನೂ ಒಸಿ ಟೈಮ್ ಬೇಕು!"

ತನ್ನ ಮಾತಿಗೆ ತಾನೇ ಬಾಯಿ ತುಂಬ ನಕ್ಕ. ಹತ್ತಿರದಲ್ಲೇ ನಿಂತಿದ್ದ. ಬೆಳಕು ಬಾಯಿಗೆ ಬೀಳುತ್ತಿತ್ತು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆ. ಪ್ರತಿ ಹಲ್ಲಿನಲ್ಲೂ ಒಂದೇ ಎತ್ತರದಲ್ಲಿ.

ಟೀ ಕೆಳಗಿಟ್ಟೆ.

ಅದು ಮಣ್ಣಿನ ಬಣ್ಣವಲ್ಲ. ಮಣ್ಣಿನಲ್ಲಿ ಹೂತ ಹಲ್ಲು ಇಡಿಯಾಗಿ ಕಂದಾಗುತ್ತದೆ. ಇದು ಪಟ್ಟೆ. ಎನಾಮಲ್ ಕಟ್ಟುವ ವಯಸ್ಸಿನಲ್ಲಿ ಮಗು ಕುಡಿದ ನೀರಿನ ಫ್ಲೋರೈಡ್. ಹುಣಸೆಕಟ್ಟೆಗೆ ಬೋರ್‌ವೆಲ್ ಬಂದದ್ದು ೧೯೭೮ರಲ್ಲಿ. ಅದಕ್ಕೆ ಮುಂಚೆ ಎಲ್ಲರೂ ಕೆರೆ ನೀರು ಕುಡಿದವರು, ಅವರ ಹಲ್ಲು ಬೆಳ್ಳಗಿದ್ದವು. ಇದನ್ನು ಇಲಾಖೆಗೆ ಬರೆದವನು ಯಾರು? ನಾನು. ೧೯೮೯ರಲ್ಲಿ ವಿದ್ಯಾರ್ಥಿಗಳೊಂದಿಗೆ ಮನೆಮನೆಗೆ ಹೋಗಿ ಮಕ್ಕಳ ಬಾಯಿ ತೆರೆಸಿ ಲೆಕ್ಕ ಹಿಡಿದು, ಆರು ಅರ್ಜಿ ಹಾಕಿದವನು ನಾನು.

ಏಪ್ರಿಲ್ ಹದಿಮೂರರಂದು ಅದೇ ಪಟ್ಟೆ ನನ್ನ ಅಂಗೈ ಮೇಲಿತ್ತು. ನಾನು ಗದ್ದ ನೋಡುತ್ತಿದ್ದೆ. ಕೋತಿಯಲ್ಲ ಎಂದು ಗೆಲ್ಲುವುದರಲ್ಲಿದ್ದೆ.

ಆ ದವಡೆ ನಲವತ್ತೇಳು ನಲವತ್ತೆಂಟು ವರ್ಷದ ಆಚೆಯದಾಗಿರಲು ಸಾಧ್ಯವಿಲ್ಲ.

ಅದೇ ದಿನ, ಸಂಜೆ

ಆ ಊರಿನಿಂದ ಹಾಗೆ ಕಾಣೆಯಾದವನು ಒಬ್ಬನೇ. ಮುತ್ತುರಾಜು. ನನ್ನ ವಿದ್ಯಾರ್ಥಿ. ಬೋರ್‌ವೆಲ್ ಬಂದಾಗ ಎರಡು ವರ್ಷದ ಮಗು. ೨೦೧೧ರ ಆಗಸ್ಟ್. ಬಾಲರಾಜು ಕೆರೆ ಅಂಗಳಕ್ಕೆ ಮಣ್ಣು ಹೊಡೆಸಿ ಸೈಟ್ ಮಾಡುತ್ತಿದ್ದಾನೆಂದು ತಹಸೀಲ್ದಾರರಿಗೆ ದೂರು. ಬರೆದದ್ದು ನಾನು, ನನ್ನ ಅಕ್ಷರ, ನನ್ನ ಕಾನೂನು ಸೆಕ್ಷನ್ನುಗಳು. "ಊರವನ ಸಹಿ ಇದ್ದರೆ ತೂಕ" ಎಂದೆ. ಅವನು ಹಾಕಿದ. ಹನ್ನೊಂದನೇ ದಿನ ಸೊಪ್ಪು ತರಲು ಹೋದವನು ಬರಲಿಲ್ಲ. ಕೇರಳಕ್ಕೆ ಓಡಿಹೋಗಿದ್ದಾನೆ, ಯಾರೋ ಹೆಂಗಸಿನ ಜತೆ — ಹಾಗೆಂದು ಬಾಲರಾಜುವಿನ ಕಡೆಯವರು ಹಬ್ಬಿಸಿದರು. ನಾನು ಎರಡು ಅರ್ಜಿ ಹಾಕಿ ಸುಮ್ಮನಾದೆ. ಬೀದಿದೀಪಕ್ಕೂ ನಾಲ್ಕು ಸಲ ಬರೆದವನು.

೧೦ ಜೂನ್

ಹೊಂಗನೂರಿನವರೆಗೆ ಬಸ್ಸು, ಮುಂದಕ್ಕೆ ಆಟೋ. ಮುತ್ತುರಾಜುವಿನ ಹೆಂಡತಿ ವನಜಾಕ್ಷಿ ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದರು. ಕುಂಕುಮ, ತಾಳಿ, ಎಲ್ಲ ಇದೆ.

"ಬನ್ನಿ ಮೇಷ್ಟ್ರೇ. ಹದಿನಾಕು ವರ್ಷ್ಕೆ ದಾರಿ ಗೊತ್ತಾಯ್ತಾ?"

ನೀರು ಕೊಟ್ಟರು. ಕುಡಿದು ಕೇಳಿದೆ, ಮುತ್ತುರಾಜುವಿನ ಹಲ್ಲು ಹೇಗಿದ್ದವು ಎಂದು.

"ಎಲ್ಲಾರ್‌ಗೂ ಇದ್ದಂಗೇ, ಕಂದು. ಎಡಗಡೆ ಕೆಳಗೆ ಒಂದು ಇರ್ನಿಲ್ಲ, ಮದ್ವೆಗ್ ಮುಂಚೇನೇ ಕೀಳ್ಸಿದ್ರು. ಕಟ್ಟುಸ್ಕಳಿ ಅಂದ್ರೆ, ಮುದ್ದೆ ನುಂಗಕ್ಕೆ ಹಲ್ ಯಾಕೆ ಕಣೇ ಅನ್ನೋರು." ಸ್ವಲ್ಪ ನಕ್ಕರು. ಆಮೇಲೆ ನಗು ನಿಂತಿತು. "ಯಾಕ್ ಕೇಳ್ತೀರ?"

ಹೇಳಿದೆ. ಪೂರ್ತಿ ಹೇಳಿದೆ. ನನ್ನ ಸಹಿಯ ವಿಷಯವನ್ನೂ.

ಅಳಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ತಟ್ಟೆಗೆ ಹರಡಿದರು, ಅಂಚಿನವರೆಗೂ, ಒಂದೂ ಹುಳು ಬಿಡದಂತೆ.

"ಗಾಜಿನ್ ಪೆಟ್ಗೇಲಿ ಮಡಗವ್ರಲ್ಲ, ಅದಾ?"

ಹೌದೆಂದೆ.

"ನಾನೂ ನೋಡ್ಬಂದೆ ಮೇಷ್ಟ್ರೇ. ಹೆಂಗುಸ್ರ ಜತೆ ಹೋಗಿದ್ದೆ. ಕೈ ಮುಗ್ದು ಬಂದೆ."

೧೨ ಜೂನ್

ಸ್ಟೇಷನ್. ಎರಡೂವರೆ ಗಂಟೆ ಬೆಂಚು. ಇನ್‌ಸ್ಪೆಕ್ಟರ್ ಸೌಜನ್ಯದವರೇ. ಎನಾಮಲ್, ಫ್ಲೋರೈಡ್, ೧೯೭೮, ಎಲ್ಲ ವಿವರಿಸಿದೆ. ಪೂರ್ತಿ ಕೇಳಿ ಡ್ರಾಯರಿನಿಂದ ಒಂದು ಕಾಗದ ತೆಗೆದರು. ನನ್ನದೇ ಚೀಟಿಯ ಜೆರಾಕ್ಸ್. ಯಾರೋ ಮುಂಚೆಯೇ ತಲುಪಿಸಿದ್ದರು.

"ಏಪ್ರಿಲ್‌ನಲ್ಲಿ ಬಹು ಹಳೆಯದು ಅಂತ ಸೈನ್ ಹಾಕಿದ್ದೀರ. ಜೂನ್‌ನಲ್ಲಿ ಹೊಸದು ಅಂತ ಸೈನ್ ಹಾಕ್ತೀರ. ಎರಡೂ ನಿಮ್ಮದೇ ಸರ್. ನಾನ್ಯಾವುದನ್ನ ನಂಬ್ಲಿ?"

ಡಿಎನ್ಎ ಮಾಡಿಸಿ, ಹಲ್ಲಿನೊಳಗೆ ವಾರ್ನಿಷ್ ಇಳಿಯುವುದಿಲ್ಲ, ಮುತ್ತುರಾಜುವಿನ ಅಣ್ಣ ಇದ್ದಾನೆ, ಹೋಲಿಸಬಹುದು ಎಂದೆ.

"ನಾಳೆ ಹೋಗಿ ಸೀಜ್ ಮಾಡ್ತೀನಿ." ನಾಳೆ ಯಾಕೆ, ಇವತ್ತೇ ಯಾಕಲ್ಲ ಎಂದು ಕೂಗಾಡಿದೆ. ಕಾನ್‌ಸ್ಟೇಬಲ್ ಒಬ್ಬ ನನ್ನ ಭುಜ ಹಿಡಿದು ಹೊರಗೆ ಬಿಟ್ಟ. ಮೆತ್ತಗೆ. ಅವನೂ ನನ್ನ ವಿದ್ಯಾರ್ಥಿಯಂತೆ.

೧೩ ಜೂನ್

ಗಾಜಿನ ಪೆಟ್ಟಿಗೆ ಖಾಲಿ. ಕೆಂಪು ಹಳದಿ ಪೀಠ ಮಾತ್ರ.

"ಮೈಸೂರಿಂದ ಯಾರೋ ರಿಸರ್ಚ್‌ನೋರು ಬಂದಿದ್ರು ಸಾ, ಕೊಟ್ ಕಳುಸ್ದೊ" ಎಂದ ಬಾಲರಾಜು, ಇನ್‌ಸ್ಪೆಕ್ಟರರ ಎದುರೇ. ಹೆಸರು? ಗೊತ್ತಿಲ್ಲ. ರಶೀದಿ? ಇಲ್ಲ. ನನ್ನ ಕಡೆ ತಿರುಗಿ, "ಮೇಷ್ಟ್ರ ಕಾಗ್ದ ತೋರುಸ್ದೊ. ಇವ್ರ ಸೈನ್ ಇದ್ರೆ ಸಾಕು ಅಂದ್ರು."

ವಾಪಸ್ ಬರುವಾಗ ಜೀಪಿನಲ್ಲಿ ಇನ್‌ಸ್ಪೆಕ್ಟರ್ ತಾವಾಗಿಯೇ ಹೇಳಿದರು: "ವಸ್ತುವೇ ಇಲ್ಲ. ಒಂದು ಹಲ್ಲು, ಒಂದು ಬೆರಳಿನ ಮೂಳೆ, ಏನಾದರೂ ಸಿಕ್ಕಲಿ, ಕೇಸ್ ತೆರೀತೀನಿ. ಕೈಗೆ ಏನೂ ಇಲ್ಲದೆ ಏನು ಬರೀಲಿ ಸರ್?"

೨೦ ಜೂನ್

ಏಳು ದಿನ ಬರೆದಿಲ್ಲ. ಅಂಬುಜ ಊಟ ಬಡಿಸುತ್ತಾಳೆ. ಯಾರದು ಎಂದು ಅವತ್ತು ಕೇಳಿದ್ದನ್ನು ಮತ್ತೆ ಎತ್ತಿಲ್ಲ. ಎತ್ತಿದ್ದರೆ ವಾಸಿಯಿತ್ತು.

೨೧ ಜೂನ್, ಶನಿವಾರ

ವನಜಾಕ್ಷಿ ಫೋನ್. ಬನ್ನಿ ಎಂದಷ್ಟೇ ಹೇಳಿ ಇಟ್ಟರು.

ಹೋದೆ. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಟ್ರ್ಯಾಕ್ಟರ್ ಕೆಂಪರಾಜು, ತಲೆ ತಗ್ಗಿಸಿ. ಕೆರೆಯ ಗೋಡು ಹೊಡೆದವನು ಅವನೇ. ಹೂಳು ತೆಗೆದರೆ ಆ ಮಣ್ಣು ಸುತ್ತಿನ ತೋಟಗಳಿಗೇ ಹೋಗುವುದು, ಗೊಬ್ಬರಕ್ಕಿಂತ ಮೇಲು ಅಂತ.

"ದವಡೆ ಸಿಕ್ಕ ದಿನದ್ದು, ಅದೇ ಗುಂಡೀದು, ಎಲ್ಲಿಗೆ ಹಾಕ್ದೆ ಅಂತ ಹೇಳೋ ಮೇಷ್ಟ್ರಿಗೆ" ಎಂದರು ವನಜಾಕ್ಷಿ.

ಕೆಂಪರಾಜು ನೆಲ ನೋಡುತ್ತ, "ಆರ್ ಲೋಡು. ಆರೂ ಇಲ್ಲಿಗೇಯ ಸಾ. ಅಕ್ಕಾನೇ ಮೊದ್ಲು ಕೇಳಿತ್ತು."

"ನಾನೇ ನಿಂತ್ಕಂಡ್ ಹರಡ್ಸ್ದೆ" ಎಂದರು ಆಕೆ. "ಈ ಸಲ ಸೊಪ್ಪು ಎಂಥಾ ಎಲೆ ಬಂತು ಅಂತೀರಿ, ಅಂಗೈಯಗಲ. ಊರೆಲ್ಲ ಹೊಗಳ್ತು."

ಹುಳು ನಾಲ್ಕನೇ ಜ್ವರ ಎದ್ದಿವೆ, ಕೊನೆಯ ಸಲ ಪೊರೆ ಬಿಟ್ಟು. ಇನ್ನು ಏಳು ದಿನ ಹಗಲೂ ಇರುಳೂ ತಿನ್ನುತ್ತವೆ. ಕಾಯುವುದಿಲ್ಲ. ಆಕೆ ಕುಡುಗೋಲು ಹಿಡಿದು ಎಷ್ಟೋ ಹೊತ್ತು ನಿಂತರು. ಆಮೇಲೆ ಸೊಪ್ಪು ಕೊಯ್ದರು. ನಾನು ಹೊರೆ ಹೊತ್ತೆ.

೨೨ ಜೂನ್

ಜರಡಿ ಎರಡು — ಒಂದು ಕಣ್ಣು ದೊಡ್ಡದು, ಒಂದು ಸಣ್ಣದು. ಸಾಲಿಗೊಂದು ಗೂಟ, ನಂಬರು. ಮೇಲಿನ ಒಂದಡಿ ಮಣ್ಣು ಮಾತ್ರ. ಒಂದೊಂದು ಬುಟ್ಟಿಯೂ ಯಾವ ಸಾಲಿನದು, ಎಷ್ಟನೆಯದು ಎಂದು ಬರೆದಿಡಬೇಕು. ಕೋಟಿ ವರ್ಷದ ವಾನರರನ್ನು ಹುಡುಕುವವರು ಮಾಡುವುದೂ ಇಷ್ಟೇ: ಮಣ್ಣು, ಜರಡಿ, ಕಣ್ಣು. ಪುಸ್ತಕದಲ್ಲಿ ಓದಿ ಮೂವತ್ತೊಂದು ಬ್ಯಾಚಿಗೆ ಹೇಳಿದ್ದೆ. ಒಂದು ಬುಟ್ಟಿಯನ್ನೂ ಜರಡಿ ಹಿಡಿದಿರಲಿಲ್ಲ.

ಇವತ್ತು ನಾಲ್ಕು ಸಾಲು. ಬಸವನಹುಳುವಿನ ಚಿಪ್ಪು, ಗಾಜಿನ ಬಳೆಚೂರು, ಆಡಿನ ಗೊರಸು. ಗಂಗಯ್ಯ ಹೋಟೆಲು ಮುಚ್ಚಿಕೊಂಡು ಬಂದು ಮಧ್ಯಾಹ್ನದವರೆಗೂ ಮಣ್ಣು ಎತ್ತಿದ. ಒಂದು ತಮಾಷೆಯೂ ಇಲ್ಲ. ಬದುವಿನಾಚೆ ಬಾಲರಾಜುವಿನ ಕಾರು ಎರಡು ಸಲ ನಿಂತು ಹೋಯಿತು.

೨೪ ಜೂನ್, ಬೆಳಿಗ್ಗೆ ೬.೪೦

ಒಂಬತ್ತನೇ ಸಾಲು, ಹದಿನೇಳನೇ ಬುಟ್ಟಿ. ಮೋಡ ಕಟ್ಟಿದೆ. ಮಳೆ ಬಿದ್ದರೆ ಮಣ್ಣು ಜರಡಿ ಇಳಿಯುವುದಿಲ್ಲ. ಬದುವಿನ ಮೇಲೆ ಕೂತು ನಂಬರು ಬರೆಯುತ್ತಿದ್ದೇನೆ.

ವನಜಾಕ್ಷಿ ಜರಡಿ ಅಲ್ಲಾಡಿಸುವುದನ್ನು ನಿಲ್ಲಿಸಿದರು. ಎರಡು ಬೆರಳಲ್ಲಿ ಏನನ್ನೋ ಎತ್ತಿ, ಸೆರಗಿಗೆ ಒರೆಸಿ, ಬೆಳಕಿಗೆ ಹಿಡಿದರು.

"ಮೇಷ್ಟ್ರೇ, ಬನ್ನಿಲ್ಲಿ. ಮುಟ್ಬೇಡಿ. ನೋಡಿ ಹೇಳಿ ಅಷ್ಟೇ."

ನೋಡಿದೆ. ಬೆರಳಿನ ಮೂಳೆ, ಮನುಷ್ಯನದು. ಹೇಳಿದೆ.

ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದೆ. ಹೊರಟಿದ್ದಾರೆ, ಇಪ್ಪತ್ತು ನಿಮಿಷ. ಇದ್ದಲ್ಲೇ ಇಡಬೇಕು, ಕೈ ತಾಗಿಸಬಾರದು, ಪಂಚರ ಎದುರೇ ಎತ್ತಬೇಕು ಎಂದರು. ಆಕೆ ಸಾಲಿನ ನಡುವೆ ಕೂತುಬಿಟ್ಟಿದ್ದಾರೆ. ಮುಷ್ಟಿ ಬಿಗಿಯಾಗಿದೆ, ಮಡಿಲಲ್ಲಿ. ಬಿಚ್ಚಿ, ಕೆಳಗಿಡಿ ಎಂದು ನಾನು ಯಾವ ಬಾಯಿಂದ ಹೇಳಲಿ.